ಹಿತ್ತಲ ಕೋಳಿ, ಮುಗಿಲ ಹದ್ದು



ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳಿ. ನೀವು ಹಳ್ಳಿಯ ಒಂದು ಹಿತ್ತಲಲ್ಲಿ ಕೂತಿದ್ದೀರಿ. ಹೊತ್ತು ಏರಿದೆ. ಗಂಟೆ 11 ಆಗಿರಬಹುದು. ಏನೇನು ಕೇಳುತ್ತದೆ? ದೂರದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಏರು ಹತ್ತುವ ಸದ್ದು. ಹತ್ತಿರದಲ್ಲಿ ಕೋಳಿ ನೆಲ ಕೆದರುವ ಸರಸರ. ಮರಿಗಳ ಚಿಂವ್ ಚಿಂವ್. ನಡುನಡುವೆ ತಾಯಿಕೋಳಿಯ ಮೆಲ್ಲನೆಯ ಕೊಕ್ ಕೊಕ್.

ಅಷ್ಟರಲ್ಲಿ ಹುಂಜ ಒಂದು ದನಿ ತೆಗೆಯುತ್ತದೆ. ಬೆಳಗಿನ ಕೂಗಿನ ಹಾಗೆ ಗಂಟಲು ತುಂಬಿದ ದನಿ ಅಲ್ಲ ಅದು. ಸಣ್ಣದು, ಎಳೆದದ್ದು, ಕೀರಲು. ಬಾಗಿಲ ತಿರುಗಣಿಗೆ ಎಣ್ಣೆ ಇಲ್ಲದಾಗ ಬರುತ್ತದಲ್ಲ, ಆ ಥರ. ಅದರ ಬೆನ್ನಿಗೇ ಎಲ್ಲ ಸದ್ದೂ ನಿಂತುಬಿಡುತ್ತದೆ. ಕೆದರುವುದಿಲ್ಲ, ಚಿಂವ್ ಎನ್ನುವುದಿಲ್ಲ. ಹಿತ್ತಲೇ ಉಸಿರು ಹಿಡಿದ ಹಾಗೆ.

ಈಗ ಕಣ್ಣು ತೆರೆದು ಮೇಲೆ ನೋಡಿ. ಮುಗಿಲಲ್ಲಿ ಹದ್ದು ಇದೆ.

ಇವತ್ತು ನಾನು ಮಾತಾಡಲು ಬಂದಿರುವುದು ಇದರ ಬಗ್ಗೆಯೇ. ಹಿತ್ತಲ ಕೋಳಿಯನ್ನು, ಮುಖ್ಯವಾಗಿ ಅದರ ಮರಿಗಳನ್ನು, ಹದ್ದು ಗಿಡುಗಗಳಿಂದ ಉಳಿಸಿಕೊಳ್ಳುವುದು ಹೇಗೆ? ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಅಕ್ಕತಂಗಿಯರು ಇದನ್ನು ಹೆಚ್ಚು ಗಮನವಿಟ್ಟು ಕೇಳಬೇಕು ಅಂತ ನನ್ನ ಆಸೆ. ಏಕೆಂದರೆ ನಮ್ಮ ಕಡೆ ಹಿತ್ತಲ ಕೋಳಿ ಅಂದರೆ ಹೆಣ್ಣುಮಕ್ಕಳ ಗಂಟು. ಮೊಟ್ಟೆ ಮಾರಿದ ದುಡ್ಡು ಸೆರಗಿನ ತುದಿಗೆ ಹೋಗುತ್ತದೆ. ಅದರ ಲೆಕ್ಕ ಮನೆಯ ಗಂಡಸರು ಕೇಳುವ ಹಾಗಿಲ್ಲ.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ.

ನಮ್ಮೂರು ವೇದಗಂಗೆಯ ದಂಡೆಗೆ. ನನಗಾಗ ಒಂಬತ್ತೋ ಹತ್ತೋ ವರ್ಷ. ಹಿತ್ತಲಲ್ಲಿ ಒಂದು ಹಳೆಯ ಹೊರಸು ಸದಾ ಬಿದ್ದಿರುತ್ತಿತ್ತು. ಹುರಿ ಜೋತುಬಿದ್ದ ಹೊರಸು. ಅದರ ಮೇಲೆ ಮೆಣಸಿನಕಾಯಿಯೋ ಸಂಡಿಗೆಯೋ ಒಣಗುತ್ತಿರುತ್ತಿತ್ತು. ಅದರ ಕೆಳಗೆ ಏನಿರುತ್ತದೆ ಎಂದು ನಾನು ಯಾವತ್ತೂ ಬಗ್ಗಿ ನೋಡಿರಲಿಲ್ಲ. ಆ ದಿನ ಸದಲಗಾದಿಂದ ಮಾವ ಬರುವವರಿದ್ದರು. ಅವರಿಗೆ ಕೂಡಲು ಬೇಕಲ್ಲ ಎಂದು ನಾನು ಹೊರಸನ್ನು ದರದರ ಎಳೆದು ಒಳಗೆ ತಂದೆ. ಯಾರೂ ಹೇಳಿರಲಿಲ್ಲ. ದೊಡ್ಡವನಾದೆ ಎಂಬ ಹುರುಪು.

ಹಿತ್ತಲಲ್ಲಿ ನಮ್ಮ ಕೆಂಚು ಕೋಳಿ ಹನ್ನೊಂದು ಮರಿ ಕಟ್ಟಿಕೊಂಡು ತಿರುಗುತ್ತಿತ್ತು. ಮರಿ ಬಿದ್ದು ಹತ್ತು ದಿನ ಆಗಿದ್ದವು. ಹುಂಜ ದನಿ ತೆಗೆಯಿತು. ಕೋಳಿಯೂ ಕೂಗಿತು. ಮರಿಗಳು ಓಡಿದವು. ಹನ್ನೊಂದಕ್ಕೆ ಹನ್ನೊಂದೂ ಒಂದೇ ಕಡೆಗೆ ಓಡಿದವು. ಹೊರಸು ಇದ್ದ ಜಾಗಕ್ಕೆ! ಅಲ್ಲಿ ಈಗ ಹೊರಸು ಇರಲಿಲ್ಲ. ಮಣ್ಣಿನಲ್ಲಿ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಆ ನಾಲ್ಕು ಗುರುತಿನ ನಡುವೆ, ಚುರುಗುಟ್ಟುವ ಬಿಸಿಲಲ್ಲಿ, ಮರಿಗಳು ನೆಲಕ್ಕೆ ಅಂಟಿ ಕೂತವು. ಮೇಲೆ ನೆರಳಿದೆ ಎಂದೇ ನಂಬಿ ಕೂತವು.

ಹದ್ದು ನೆಲಕ್ಕೆ ಕಾಲು ಕೂಡ ಊರಲಿಲ್ಲ. ಓರೆಯಾಗಿ ಜಾರಿ ಬಂತು, ಒಂದನ್ನು ಎತ್ತಿತು, ಹಾಗೇ ಏರಿಹೋಯಿತು.

ನಾನು ಕಲ್ಲು ಬೀರುತ್ತ, ಹದ್ದಿನ ವಂಶವನ್ನೆಲ್ಲ ಬೈಯುತ್ತ ನಿಂತಿದ್ದೆ. ನಮ್ಮ ಆಯಿ ಹೊರಗೆ ಬಂದಳು. ನೆಲ ನೋಡಿದಳು. ಆ ನಾಲ್ಕು ಗುರುತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮುಗಲಿಗಿ ಕಲ್ಲ ಒಗದರ ಏನ ಆಕ್ಕೈತಿ? ಹದ್ದಿಗ್ಯಾಕ ಬೈತಿ? ಹೊರಸ ಒಳಗ ತಂದಾಂವ ಯಾರ?"

ಅಷ್ಟೇ. ಹೊಡೆಯಲಿಲ್ಲ. ಹೊರಸನ್ನು ನನ್ನಿಂದಲೇ ಮತ್ತೆ ಹಿತ್ತಲಿಗೆ ಎಳೆಸಿದಳು. ಮಾವ ಬಂದಾಗ ಚಾಪೆಯ ಮೇಲೆ ಕೂತರು.

ಕೇಳುಗರೇ, ಮುಂದಕ್ಕೆ ಹೋಗುವ ಮೊದಲು ಈ ಕಥೆಯಿಂದ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ಕೋಳಿಗೆ ಹದ್ದು ಬರುವುದು ನಮಗಿಂತ ಮೊದಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅದಕ್ಕೆ ಓಡಿಹೋಗಲು ಒಂದು ಜಾಗ ಬೇಕು. ಆ ಜಾಗ ಒದಗಿಸುವುದು ನಮ್ಮ ಪಾಲಿನ ಕೆಲಸ. ಇವತ್ತಿನ ಮಾತೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಈಗ ಮೇಲಿನಿಂದ ಬರುವವರು ಯಾರು ಯಾರು, ನೋಡೋಣ.

ನಾವು ಎಲ್ಲದಕ್ಕೂ ಹದ್ದು ಅಂದುಬಿಡುತ್ತೇವೆ. ಗಡಿ ಊರು ನಮ್ಮದು. ಮನೆಯಲ್ಲಿ ಮರಾಠಿ ಆಡುವವರು ಘಾರ ಅನ್ನುತ್ತಾರೆ. ಆದರೆ ಇವು ಒಂದೇ ಹಕ್ಕಿ ಅಲ್ಲ. ದಿನಾ ಕಾಣುವುದು ಕರಿಹದ್ದು. ಮೈ ಕಂದು. ಬಾಲದ ತುದಿ ನಡುವೆ ಕತ್ತರಿಸಿದ ಹಾಗೆ ಒಳಸರಿದಿರುತ್ತದೆ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 5 ಅಡಿ. ನೋಡಲು ಅಷ್ಟು ದೊಡ್ಡದು. ತೂಕ ಮಾತ್ರ ಮುಕ್ಕಾಲು ಕಿಲೊ ಆಸುಪಾಸು. ಒಂದೂವರೆ ಕಿಲೊದ ಹೇಂಟೆಯನ್ನು ಅದು ಎತ್ತಲಾರದು. ಅದಕ್ಕೆ ಬೇಕಾದದ್ದು ಮರಿ. ನಿಜ ಹೇಳಬೇಕೆಂದರೆ ಅದಕ್ಕೆ ಬೇಟೆಗಿಂತ ಬಿದ್ದ ಮಾಂಸವೇ ಇಷ್ಟ. ಕೋಳಿ ಅಂಗಡಿಯ ಹಿಂದೆ ಎಸೆದ ಕರುಳು, ರಸ್ತೆಯಲ್ಲಿ ಸತ್ತ ಇಲಿ, ಸಂತೆ ಮುಗಿದ ಮೇಲಿನ ಕಸ. ಆ ಕರುಳನ್ನು ನಿಮ್ಮ ಹಿತ್ತಲ ಹಿಂದೆಯೇ ಎಸೆಯುತ್ತಿದ್ದರೆ ಹದ್ದಿಗೆ ನೀವೇ ದಾರಿ ತೋರಿಸಿದಂತೆ. ಹೂತುಬಿಡಿ.

ಎರಡನೆಯದು ಗರುಡ. ಬೆಳ್ಳಗಿನ ತಲೆ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ದೂಧಗಂಗೆ, ಕೃಷ್ಣೆಯ ದಂಡೆಗೆ ಇದು ಹೆಚ್ಚು. ಮೀನು, ಏಡಿ ಇದರ ಊಟ. ಕಂಡರೆ ಕೈಮುಗಿಯುವವರು ನಮ್ಮಲ್ಲಿ ಬಹಳ. ಎಂದಾದರೊಮ್ಮೆ ಇದೂ ಮರಿ ಎತ್ತುತ್ತದೆ. ಆಗ ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ಹೆಣ್ಣುಮಕ್ಕಳು ಎರಡನ್ನೂ ಮಾಡುವುದನ್ನು ಕಂಡಿದ್ದೇನೆ.

ಮೂರನೆಯದು ನಿಜವಾದ ಕಳ್ಳ. ಪುಸ್ತಕದಲ್ಲಿ ಬಿಜ್ಜು ಅಥವಾ ಶಿಕ್ರ ಎಂದು ಬರೆಯುತ್ತಾರೆ. ನಮ್ಮವರು ಗಿಡುಗ ಅನ್ನುತ್ತಾರೆ. ಗಾತ್ರ ಪಾರಿವಾಳದಷ್ಟೇ. ಬೆನ್ನು ಬೂದಿ ಬಣ್ಣ. ಎದೆಯ ಮೇಲೆ ಅಡ್ಡ ಗೆರೆ. ಕಣ್ಣು ಕೆಂಡ. ಇದು ಮುಗಿಲಲ್ಲಿ ಸುತ್ತುತ್ತ ತನ್ನ ಬರವನ್ನು ಸಾರುವುದಿಲ್ಲ. ಬೇವಿನ ಎಲೆಯ ಮರೆಯಲ್ಲಿ ಕೂತಿರುತ್ತದೆ. ಆಮೇಲೆ ಗೋಡೆಯ ಎತ್ತರದಲ್ಲೇ, ಮರಗಳ ಸಂದಿಯಲ್ಲಿ ಬಾಣದ ಹಾಗೆ ಬರುತ್ತದೆ. ಕಲ್ಯಾಣ ಚಾಲುಕ್ಯರ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆಸಿದ. ಅದರಲ್ಲಿ ಶ್ಯೇನವಿನೋದ ಎಂದು ಒಂದು ಭಾಗವೇ ಇದೆ. ಗಿಡುಗವನ್ನು ಪಳಗಿಸಿ ಬೇಟೆಯಾಡಿಸುವ ಆಟ. ಅರಸರು ಮುಂಗೈ ಮೇಲೆ ಕೂರಿಸಿಕೊಂಡು ಮೆರೆದ ಕುಲ ಇದು. ನಮ್ಮ ಹಿತ್ತಲಿಗೆ ಬಂದಾಗ ಮಾತ್ರ ಕಳ್ಳ.

ಇವು ಯಾವಾಗ ಹೆಚ್ಚು ಬರುತ್ತವೆ? ತಮ್ಮ ಗೂಡಿನಲ್ಲೂ ಮರಿ ಇದ್ದಾಗ. ಕರಿಹದ್ದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಗೂಡು ಕಟ್ಟಿ ಮರಿ ಮಾಡುತ್ತದೆ. ಶಿಕ್ರ ಅದರ ಹಿಂದೆಯೇ, ಬೇಸಿಗೆಯಲ್ಲಿ. ನಿಪ್ಪಾಣಿ ಸುತ್ತ ಅದೇ ಹೊತ್ತಿಗೆ ಹೊಲ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಬೀಡಿ ತಂಬಾಕು ಕಟಾವಾಗಿರುತ್ತದೆ. ಕಬ್ಬು ಕಾರ್ಖಾನೆಗೆ ಹೋಗಿರುತ್ತದೆ. ಕೋಳಿ ನುಗ್ಗಿ ಅಡಗುತ್ತಿದ್ದ ಹಸಿರೆಲ್ಲ ಬೋಳು. ಮೇಲಿನವನಿಗೆ ಹಸಿವು ಹೆಚ್ಚಿದಾಗಲೇ ಕೆಳಗಿನವನಿಗೆ ಮರೆ ಕಡಿಮೆ. ನಮ್ಮ ಸೀಮೆಯ ಕಷ್ಟ ಇರುವುದು ಇಲ್ಲಿ. ನನ್ನ ಮರಿ ಹೋದದ್ದೂ ಸಂಕ್ರಾಂತಿ ಮುಗಿದ ಮೇಲೆಯೇ.

ಇಲ್ಲಿಯವರೆಗೆ ಬರುವವರು ಯಾರು, ಯಾವಾಗ ಬರುತ್ತಾರೆ ಎಂದು ನೋಡಿದೆವು. ಆದರೆ ಮರಿ ಕಾಣೆಯಾದಾಗಲೆಲ್ಲ ಹದ್ದಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅದರಿಂದ ಲಾಭವೂ ಇಲ್ಲ. ಕಳ್ಳ ಒಬ್ಬ, ಬೀಗ ಇನ್ನೊಂದು ಬಾಗಿಲಿಗೆ ಅಂದ ಹಾಗಾಗುತ್ತದೆ.

ರಾತ್ರಿ ಹೋದ ಕೋಳಿ ಹದ್ದಿನ ಲೆಕ್ಕಕ್ಕೆ ಬರುವುದಿಲ್ಲ. ಹದ್ದು, ಗಿಡುಗ ಎರಡೂ ಹಗಲಿನವು. ರಾತ್ರಿ ಬೆಕ್ಕು, ಕಾಡುಬೆಕ್ಕು, ನರಿ, ಅಪರೂಪಕ್ಕೆ ದೊಡ್ಡ ಗೂಬೆ. ಹಗಲಲ್ಲಿ ಕತ್ತು ಕಚ್ಚಿ ಅಲ್ಲೇ ಬಿಟ್ಟಿದ್ದರೆ ಮುಂಗುಸಿಯ ಮೇಲೆ ಅನುಮಾನ ಪಡಿ. ಹಗಲಲ್ಲಿ ಒಂದು ಗರಿಯೂ ಉಳಿಯದೆ ಮರಿ ಮಾಯವಾದರೆ ಹದ್ದು ಇರಬಹುದು. ಕಾಗೆಯೂ ಇರಬಹುದು. ಗಿಡದ ಕೆಳಗೆ ಒಂದು ಹಿಡಿ ಗರಿ ದುಂಡಗೆ ಉದುರಿದ್ದರೆ ಅದು ಶಿಕ್ರ. ಅದು ಪುಕ್ಕ ಕಿತ್ತು ತಿನ್ನುವ ಶಿಸ್ತಿನ ಹಕ್ಕಿ. ಇಷ್ಟು ಸಾಕು.

ಕಳ್ಳನ ಗುರುತು ಸಿಕ್ಕಿತು. ಇನ್ನು ಕಾವಲುಗಾರನ ಕಡೆ ಬರೋಣ. ನನಗೆ ಬಹಳ ಇಷ್ಟದ ಭಾಗ ಇದು. ಬಾನುಲಿಗೆ ಹೇಳಿ ಮಾಡಿಸಿದ ವಿಷಯ ಕೂಡ.

ಕೋಳಿಗೆ ಭಾಷೆ ಇದೆಯೇ? ನಮ್ಮ ಆಯಿಯನ್ನು ಕೇಳಿದ್ದರೆ ನಗುತ್ತಿದ್ದಳು. ಅವಳು ಒಳಗೆ ರೊಟ್ಟಿ ಬಡಿಯುತ್ತ ಕೂತಲ್ಲೇ, ಹಿತ್ತಲಿಗೆ ನಾಯಿ ಬಂತೋ ಹದ್ದು ಬಂತೋ ಹೇಳುತ್ತಿದ್ದಳು. ನಾನು ಹೊರಗೆ ಓಡಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ಅದನ್ನು ನಾನು ಮಂತ್ರ ಎಂದುಕೊಂಡಿದ್ದೆ.

ಅದು ಮಂತ್ರ ಅಲ್ಲ ಎಂದು ಅಮೆರಿಕದಲ್ಲಿದ್ದ ವಿಜ್ಞಾನಿಗಳು ತೋರಿಸಿಕೊಟ್ಟರು. ಪೀಟರ್ ಮಾರ್ಲರ್, ಕ್ರಿಸ್ಟೋಫರ್ ಇವಾನ್ಸ್ ಮತ್ತು ಜೊತೆಗಾರರು. ಅವರ ಒಂದು ಮುಖ್ಯ ಬರಹ 1993ರಲ್ಲಿ ಪ್ರಕಟವಾಯಿತು. ಕೋಳಿಗೆ ಎರಡು ಬೇರೆ ಬೇರೆ ಎಚ್ಚರಿಕೆಯ ಕೂಗು ಇವೆ. ಮೇಲಿನಿಂದ ಬರುವ ಶತ್ರುವಿಗೆ ಒಂದು. ಅದು ಎಳೆದ, ಕೀರಲು ದನಿ. ನೆಲದ ಮೇಲೆ ಬರುವ ಶತ್ರುವಿಗೆ ಇನ್ನೊಂದು. ಅದು ಕೊಕ್ ಕೊಕ್ ಕೊಕ್ ಕೊಕ್ಕೋಕ್ ಎಂದು ತುಂಡು ತುಂಡಾಗಿ, ಊರಿಗೆಲ್ಲ ಕೇಳುವ ಗದ್ದಲ. ಅವರು ಏನು ಮಾಡಿದರು ಗೊತ್ತೇ? ಈ ಕೂಗುಗಳನ್ನು ಧ್ವನಿಮುದ್ರಣ ಮಾಡಿಕೊಂಡರು. ಹದ್ದೂ ಇಲ್ಲ, ನರಿಯೂ ಇಲ್ಲ. ಬರೀ ಧ್ವನಿವರ್ಧಕದಿಂದ ಹೇಂಟೆಗಳಿಗೆ ಆ ಸದ್ದು ಕೇಳಿಸಿದರು. ಮೊದಲ ಕೂಗಿಗೆ ಹೇಂಟೆಗಳು ಮರೆಗೆ ಓಡಿದವು, ಕುಗ್ಗಿ ಕೂತವು, ಮೇಲೆ ನೋಡಿದವು. ಎರಡನೆಯ ಕೂಗಿಗೆ ಕತ್ತು ನಿಗುರಿಸಿ ನಿಂತವು, ಅತ್ತಿತ್ತ ನೋಡಿದವು. ಕಣ್ಣಿಗೆ ಏನೂ ಕಾಣದೆ, ಕೇಳಿದ ಮಾತಿನಿಂದಲೇ ಅರ್ಥ ಹಿಡಿದವು. ನೀವು ಈಗ ಮಾಡುತ್ತಿರುವುದೂ ಅದನ್ನೇ ಅಲ್ಲವೇ?

ಇನ್ನೊಂದು ಸ್ವಾರಸ್ಯ ಇದೆ. ಮೇಲಿನ ಶತ್ರುವಿನ ಕೂಗು ಹೆಚ್ಚಾಗಿ ಹುಂಜನದು. ಹುಂಜ ಒಂದು ಕಣ್ಣು ಮೇಲೆ ಮಾಡಿ, ತಲೆ ಓರೆ ಮಾಡಿ ಮುಗಿಲು ನೋಡುವುದನ್ನು ನೀವು ಕಂಡಿರುತ್ತೀರಿ. ಅದೇ ಹುಂಜ ಒಂಟಿಯಾಗಿದ್ದರೆ ಹದ್ದು ಕಂಡರೂ ಕೂಗುವುದು ಕಡಿಮೆ. ಹೇಂಟೆ ಹತ್ತಿರ ಇದ್ದರೆ ಕೂಗುತ್ತದೆ. ಮೆರೆಯುವುದಕ್ಕೋ ಕಾಯುವುದಕ್ಕೋ, ಅದರ ಮನಸ್ಸು ಅದಕ್ಕೇ ಗೊತ್ತು. ನಮಗೆ ಕೂಗಿದರೆ ಸಾಕು. ಹಾಗಾಗಿ ಸಂತೆಗೆ ಹೋಗುವಾಗ ಹುಂಜಗಳನ್ನೆಲ್ಲ ಒಟ್ಟಿಗೆ ಮಾರಿ ಬರಬೇಡಿ. ಹತ್ತು ಹೇಂಟೆಗೆ ವಯಸ್ಸಾದ, ಅನುಭವಸ್ಥ ಹುಂಜ ಒಂದು ಇರಲಿ. ಒಂದು ಹೊತ್ತಿನ ಊಟಕ್ಕೆ ಮುಗಿಯುವ ಹುಂಜ ಅಲ್ಲ ಅದು. ವರ್ಷದ ಕಾವಲುಗಾರ.

ಇಲ್ಲಿಯವರೆಗೆ ಹೇಳಿದ್ದು, ಕೋಳಿ ತನ್ನ ಮರಿಗೆ ಎಚ್ಚರಿಕೆ ಕೊಡುತ್ತದೆ, ಮರಿ ಅದನ್ನು ಕೇಳಿ ಓಡುತ್ತದೆ. ಹಾಗಾದರೆ ತಾಯಿಯೇ ಇಲ್ಲದ ಮರಿಯ ಗತಿ ಏನು?

ಈ ಪ್ರಶ್ನೆ ಹಿಂದೆ ಇರಲಿಲ್ಲ. ಈಗ ದೊಡ್ಡದಾಗಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 85 ಕೋಟಿ ಕೋಳಿ ಮುಂತಾದ ಸಾಕುಹಕ್ಕಿಗಳ ಲೆಕ್ಕ ಸಿಕ್ಕಿತು. ಅದರಲ್ಲಿ ಹಿತ್ತಲದ್ದು ಸುಮಾರು 32 ಕೋಟಿ. ಅದರ ಹಿಂದಿನ ಗಣತಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಏರಿಕೆ. ಈ ಏರಿಕೆಯಲ್ಲಿ ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗಳ ಪಾಲೂ ಇದೆ. ಗಿರಿರಾಜ ನಿಮಗೆಲ್ಲ ಗೊತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 1980ರ ದಶಕದ ಕೊನೆಗೆ ಹೊರಬಂದ ತಳಿ. ಆಮೇಲೆ ಸ್ವರ್ಣಧಾರ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಒಳ್ಳೆಯ ತಳಿಗಳು. ಬಣ್ಣದ ಪುಕ್ಕ ಇರುವುದರಿಂದ ಬಿಳಿ ಕೋಳಿಯಷ್ಟು ದೂರಕ್ಕೆ ಎದ್ದು ಕಾಣುವುದಿಲ್ಲ. ಬೇಗ ತೂಕ ಬರುತ್ತವೆ. ಆದರೆ ಗಿರಿರಾಜ ಹೇಂಟೆ ಕಾವಿಗೆ ಕೂಡುವುದಿಲ್ಲ. ಅದರ ಮೊಟ್ಟೆಯನ್ನು ಜವಾರಿ ಕೋಳಿಯ ಹೊಟ್ಟೆಯ ಕೆಳಗೋ ಯಂತ್ರದಲ್ಲೋ ಇಡಬೇಕು. ಪೆಟ್ಟಿಗೆಯಲ್ಲಿ ತಂದ ಐವತ್ತು ಮರಿಗೆ ಓಡು ಎಂದು ಹೇಳುವ ಅವ್ವನೇ ಇರುವುದಿಲ್ಲ. ಬಲ್ಬಿನ ಕಾವು ಕೊಡಬಹುದು. ಬಲ್ಬು ಕೂಗುವುದಿಲ್ಲ.

ಇದಕ್ಕೆ ಎರಡು ದಾರಿ ಇವೆ.

ಮೊದಲನೆಯದು ಹಳೆಯದು. ಹಿತ್ತಲಲ್ಲಿ ಜವಾರಿ ಕೋಳಿ ಕಾವಿಗೆ ಕೂತಿದ್ದರೆ ಅದರ ಮರಿ ಒಡೆಯುವ ಹೊತ್ತಿಗೆ ಸರಿಯಾಗಿ ಒಂದು ದಿನದ ಮರಿಗಳನ್ನು ತನ್ನಿ. 21 ದಿನದ ಲೆಕ್ಕ ತಪ್ಪಬೇಡಿ. ರಾತ್ರಿ ದೀಪ ಹಚ್ಚದೆ ಒಂದೊಂದಾಗಿ ಅದರ ರೆಕ್ಕೆಯ ಕೆಳಗೆ ಸರಿಸಿ. ಬೆಳಗಾಗುವಷ್ಟರಲ್ಲಿ ಎಲ್ಲವೂ ಅದರ ಮಕ್ಕಳೇ. ಒಟ್ಟು ಹತ್ತು ಹನ್ನೆರಡು ಮರಿ ದಾಟಬಾರದು. ರೆಕ್ಕೆ ಅಷ್ಟಕ್ಕೇ ಸಾಲುವುದು. ಆ ಕೋಳಿ ನಿಮ್ಮ ಹಿತ್ತಲ ಶಾಲೆಯ ಅಕ್ಕೋರು ಎಂದು ತಿಳಿಯಿರಿ. ಜವಾರಿ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ ಎಂದು ಅದನ್ನು ಪೂರ್ತಿ ತೆಗೆದುಹಾಕಿದವರು ಆಮೇಲೆ ಕೈ ಕೈ ಹಿಸುಕಿಕೊಂಡದ್ದನ್ನು ಕಂಡಿದ್ದೇನೆ.

ಎರಡನೆಯದು, ತಾಯಿಯ ಕೂಗಿನ ಬದಲು ನಿಮ್ಮದೇ ಒಂದು ಸದ್ದು ಕಲಿಸುವುದು. ಒಂದು ಹಳೆಯ ಡಬ್ಬಿ ತೆಗೆದುಕೊಳ್ಳಿ. ಮರಿಗೆ ನುಚ್ಚು ಹಾಕುವಾಗಲೆಲ್ಲ ಡಬ್ಬಿ ಬಡಿಯಿರಿ. ಆದರೆ ನುಚ್ಚನ್ನು ಅಂಗಳದ ನಡುವೆ ಹಾಕಬೇಡಿ. ಮರೆಯ ಕೆಳಗೆ ಹಾಕಿ. ಒಂದೆರಡು ವಾರದಲ್ಲಿ ಡಬ್ಬಿ ಸದ್ದಿಗೆ ಮರಿಗಳು ಮರೆಗೆ ಓಡಿಬರುತ್ತವೆ. ಆಮೇಲೆ ಹದ್ದು ಕಂಡಾಗ ನೀವು ಕೈಬೀಸಿ ಕೂಗಾಡಬೇಕಿಲ್ಲ. ಕೂಗಾಡಿದರೆ ಮರಿ ದಿಕ್ಕಾಪಾಲಾಗುತ್ತವೆ. ಡಬ್ಬಿ ಬಡಿಯಿರಿ ಸಾಕು.

ಮರಿಗೆ ಆರು ವಾರ ಆಗುವವರೆಗೆ ಈ ಎಚ್ಚರ ಹೆಚ್ಚು ಬೇಕು. ಎಂಟು ವಾರದ ಮೇಲೆ ಕರಿಹದ್ದಿನ ಕಾಟ ಬಹುತೇಕ ಮುಗಿದ ಹಾಗೆ.

ಈಗ ಎರಡು ಮಾತು ಆದವು. ಕೂಗುವ ಕೋಳಿ ಇರಬೇಕು. ಕೋಳಿ ಇಲ್ಲದ ಕಡೆ ನಮ್ಮ ಸದ್ದು ಇರಬೇಕು. ಉಳಿದದ್ದು ಓಡಿಹೋಗುವ ಜಾಗ. ಅಂದರೆ ನಮ್ಮ ಆಯಿಯ ಹೊರಸು.

ಹೊರಸು ಈಗ ಎಲ್ಲರ ಮನೆಯಲ್ಲಿ ಇಲ್ಲ. ಅದರ ಕೆಲಸ ಮಾಡುವ ವಸ್ತು ಸಾಕಷ್ಟು ಇವೆ. ಮುರಿದ ಚಕ್ಕಡಿ ಹಿತ್ತಲಲ್ಲಿ ಬಿದ್ದಿದ್ದರೆ ಗುಜರಿಯವನಿಗೆ ಕೊಡಬೇಡಿ. ನಾಲ್ಕು ಮೂಲೆಗೆ ಇಟ್ಟಿಗೆ ಪೇರಿಸಿ ಮೇಲೆ ಹಳೆಯ ಬಾಗಿಲು ಇಟ್ಟರೂ ಆಯಿತು. ಎತ್ತರ ಒಂದರಿಂದ ಒಂದೂವರೆ ಅಡಿ ಇರಲಿ. ಕೋಳಿ ನುಗ್ಗಬೇಕು, ನಾಯಿಗೆ ಸುಲಭ ಆಗಬಾರದು. ಎರಡು ಕಡೆ ತೆರೆದಿರಲಿ. ಒಂದೇ ಬಾಯಿ ಇದ್ದರೆ ಮುಂಗುಸಿ ಬಂದಾಗ ಅದೇ ಬೋನಾಗುತ್ತದೆ. ಇನ್ನೂ ಮುಖ್ಯ ಮಾತು, ಇಂಥ ಮರೆ ಒಂದೇ ಸಾಲದು. ಮರಿ ಎಲ್ಲೇ ಮೇಯುತ್ತಿದ್ದರೂ ಹತ್ತು ಹನ್ನೆರಡು ಅಡಿಯೊಳಗೆ ಒಂದು ಮರೆ ಸಿಗಬೇಕು. ಹದ್ದು ಜಾರಿ ಬರುವುದಕ್ಕೆ ಕಣ್ಣೆವೆ ಇಕ್ಕುವಷ್ಟೇ ಹೊತ್ತು. ಮರಿಯ ಕಾಲು ಎರಡು ಇಂಚು. ಮತ್ತೆ ಒಮ್ಮೆ ಇಟ್ಟ ಮರೆಯನ್ನು ಪದೇ ಪದೇ ಜಾಗ ಬದಲಿಸಬೇಡಿ. ಯಾಕೆ ಅಂತ ನಾನು ಹೇಳಬೇಕಿಲ್ಲ.

ಗಿಡ ಇನ್ನೂ ಒಳ್ಳೆಯದು. ಔಡಲ, ತೊಗರಿ, ನುಗ್ಗೆ, ಬಾಳೆ. ಬೇಲಿಯ ಉದ್ದಕ್ಕೆ ದಟ್ಟವಾಗಿ ಹಚ್ಚಿ. ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಎಲ್ಲ ಒಲೆಗೆ ಹಾಕಬೇಡಿ. ಒಂದೆರಡು ಹೊರೆಯನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ. ಗೋಡೆಗೂ ಕಟ್ಟಿಗೆಗೂ ನಡುವೆ ಮರಿಗಳ ಓಣಿ ಆಗುತ್ತದೆ. ಕಬ್ಬಿನ ರವದಿ ನಮ್ಮ ಕಡೆ ಬೇಕಾದಷ್ಟು. ಹೊಲದಲ್ಲೇ ಸುಡುತ್ತೇವೆ. ನಾಲ್ಕು ಗೂಟ ನೆಟ್ಟು ಮೇಲೆ ರವದಿ ಹೊದಿಸಿದರೆ ಒಂದು ಬೇಸಿಗೆಯ ಚಪ್ಪರ. ಬಿಸಿಲಿಗೂ ಆಯಿತು, ಹದ್ದಿಗೂ ಆಯಿತು.

ಮೇಲೆ ಬಲೆ ಕಟ್ಟಬಹುದೇ ಎಂದು ಕೇಳುವವರಿದ್ದೀರಿ. ಖಂಡಿತ ಕಟ್ಟಬಹುದು. ಅಂಕಲಿ, ಮಾಂಜರಿ ಕಡೆ ಕೃಷ್ಣೆಯ ದಂಡೆಯ ಮೀನುಗಾರರ ಬಳಿ ಹರಿದ ಬಲೆ ಸಿಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿ. ಜೋತುಬಿದ್ದರೆ ಹಾವು, ಹಕ್ಕಿ, ಕೊನೆಗೆ ನಿಮ್ಮದೇ ಕೋಳಿ ಸಿಕ್ಕಿಕೊಳ್ಳುತ್ತದೆ. ಬಲೆ ಶಿಕ್ರವನ್ನೂ ತಡೆಯುತ್ತದೆ. ಹಿತ್ತಲು ದೊಡ್ಡದಾಗಿದ್ದು ಬಲೆ ಸಾಲದಿದ್ದರೆ ಹಗ್ಗ ಎಳೆಯಿರಿ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಉದ್ದಕ್ಕೂ ಅಡ್ಡಕ್ಕೂ, ಎರಡೆರಡು ಅಡಿಗೆ ಒಂದು. ಕರಿಹದ್ದಿನ ರೆಕ್ಕೆ 5 ಅಡಿ ಎಂದೆನಲ್ಲ. ಅಷ್ಟು ರೆಕ್ಕೆ ಬಿಚ್ಚಿಕೊಂಡು ಆ ಹಗ್ಗಗಳ ನಡುವೆ ಇಳಿಯಲು ಅದು ಹಿಂಜರಿಯುತ್ತದೆ. ಶಿಕ್ರ ಮಾತ್ರ ನುಸುಳಬಹುದು. ಹಗ್ಗ ದಪ್ಪಗಿರಲಿ, ಕಾಣುವಂತಿರಲಿ. ಅದಕ್ಕೆ ಅಲ್ಲಲ್ಲಿ ಬಿಳಿ ಬಟ್ಟೆಯ ಚೂರು ಕಟ್ಟಿ. ಗಾಳಿಪಟದ ಮಾಂಜಾ ದಾರ, ಕಾಣದ ತೆಳು ನೈಲಾನ್ ದಾರ ಬೇಡವೇ ಬೇಡ. ಅದು ರೆಕ್ಕೆ ಕತ್ತರಿಸುತ್ತದೆ.

ಬೆದರುಗೊಂಬೆ, ಹೊಳೆಯುವ ಸಿಡಿ, ಹಳೆಯ ಕ್ಯಾಸೆಟ್ಟಿನ ಟೇಪು? ಮೊದಲ ವಾರ ಕೆಲಸ ಮಾಡುತ್ತವೆ. ಆಮೇಲೆ ಹದ್ದು ಬೆದರುಗೊಂಬೆಯ ತಲೆಯ ಮೇಲೇ ಬಂದು ಕೂಡುತ್ತದೆ. ಹಕ್ಕಿಗೆ ರೂಢಿಯಾಗುತ್ತದೆ. ಇದಕ್ಕೊಂದು ಹಳೆಯ ಪ್ರಯೋಗ ಇದೆ. 1937ರಲ್ಲಿ ಆಸ್ಟ್ರಿಯಾದಲ್ಲಿ ಕೊನ್ರಾಡ್ ಲೊರೆಂಜ್, ನಿಕೊ ಟಿನ್‌ಬರ್ಗನ್ ಎಂಬ ಇಬ್ಬರು ರಟ್ಟಿನ ಹಕ್ಕಿ ಮಾಡಿ ಸಾಕುಹಕ್ಕಿಗಳ ಮೇಲೆ ಎಳೆದಾಡಿಸಿದರು. ಒಂದು ದಿಕ್ಕಿಗೆ ಎಳೆದರೆ ಗಿಡ್ಡ ಕತ್ತಿನ ಗಿಡುಗ. ತಿರುಗಿಸಿ ಎಳೆದರೆ ಉದ್ದ ಕತ್ತಿನ ಹೆಬ್ಬಾತು. ಗಿಡುಗಕ್ಕೆ ಹೆದರಿದವು, ಹೆಬ್ಬಾತಿಗೆ ಹೆದರಲಿಲ್ಲ. ಹುಟ್ಟಿನಿಂದಲೇ ಈ ಭಯ ಇದೆ ಎಂದು ಬಹಳ ಮಂದಿ ನಂಬಿದರು. ಆಮೇಲೆ ಬಂದ ಪ್ರಯೋಗಗಳು ಬೇರೆ ಮಾತು ಹೇಳಿದವು. ದಿನಾ ಕಂಡದ್ದಕ್ಕೆ ಹಕ್ಕಿ ಹೆದರುವುದನ್ನು ಬಿಡುತ್ತದೆ, ಅಪರೂಪಕ್ಕೆ ಕಂಡದ್ದಕ್ಕೆ ಹೆದರುತ್ತದೆ. ಹದ್ದೂ ಹಕ್ಕಿಯೇ. ನಿಮ್ಮ ಬೆದರುಗೊಂಬೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸಲಿ, ಅಂಗಿ ಬದಲಿಸಲಿ. ಮರೆ ಮಾತ್ರ ಇದ್ದಲ್ಲೇ ಇರಲಿ.

ಮರೆಯ ಮಾತು ಮುಗಿಯಿತು. ಇನ್ನು ಹಿತ್ತಲಿಗೆ ಪುಕ್ಕಟೆ ಸಿಗುವ ಒಬ್ಬ ಪೋಲೀಸನ ಪರಿಚಯ ಮಾಡಿಕೊಡುತ್ತೇನೆ. ಕಾಜಾಣ. ಕಪ್ಪು ಮಿರಿಮಿರಿ ಮೈ, ಮೀನಿನ ಬಾಲದಂತೆ ಸೀಳಿದ ಬಾಲ. ತಂತಿಯ ಮೇಲೆ, ಎಮ್ಮೆಯ ಬೆನ್ನ ಮೇಲೆ ಕೂತಿರುತ್ತದೆ. ಮರಾಠಿಯಲ್ಲಿ ಇದರ ಹೆಸರೇ ಕೋತವಾಲ. ಮೈ ತೂಕ ಸುಮಾರು 50 ಗ್ರಾಂ. ಧೈರ್ಯ ಐವತ್ತು ಕಿಲೊ. ಇದು ಗೂಡು ಕಟ್ಟಿದ ಮರದ ಹತ್ತಿರ ಹದ್ದು ಬಂದರೆ ಅದರ ಬೆನ್ನೇರಿ ಕುಕ್ಕಿ ಅಟ್ಟುತ್ತದೆ. ಸಣ್ಣ ಹಕ್ಕಿಗಳು ಇದರ ಆಸರೆ ನಂಬಿ ಅದೇ ಮರದಲ್ಲಿ ಗೂಡು ಕಟ್ಟುತ್ತವೆ. ಕೋಳಿಗೂ ಆ ಆಸರೆ ಯಾಕೆ ಬೇಡ? ಬೇಸಿಗೆಯಲ್ಲಿ ಹಿತ್ತಲ ಬೇವಿನ ಟೊಂಗೆ ಕಡಿಯುವ ಮೊದಲು ಅಲ್ಲಿ ಕಾಜಾಣದ ಗೂಡು ಇದೆಯೇ ನೋಡಿ. ಅಮೆರಿಕದ ತೆಂಕಣ ಭಾಗದ ಮೂಲನಿವಾಸಿಗಳು ಸೋರೆ ಬುರುಡೆ ಕೊರೆದು ಮನೆಯ ಮುಂದಿನ ಕಂಬಕ್ಕೆ ತೂಗುಹಾಕುತ್ತಿದ್ದರು. ಅಂಬರಗುಬ್ಬಿಯ ಜಾತಿಯ ಒಂದು ಹಕ್ಕಿ ಬಂದು ಅದರಲ್ಲಿ ಸಂಸಾರ ಮಾಡುತ್ತಿತ್ತು. ಗಿಡುಗ, ಕಾಗೆ ಬಂದರೆ ಗುಂಪುಕಟ್ಟಿ ಅಟ್ಟುತ್ತಿತ್ತು. ಆಮೇಲೆ ಬಂದ ಬಿಳಿಯರೂ ಕೋಳಿ ಕಾಯಲು ಅದನ್ನೇ ಕಲಿತರು. ನಮ್ಮ ಕಾಜಾಣಕ್ಕೆ ಬುರುಡೆಯೂ ಬೇಕಿಲ್ಲ. ಆದರೆ ಒಂದು ಮಾತು. ಗೂಡಿನಲ್ಲಿ ತನ್ನ ಮರಿ ಇರುವಷ್ಟು ದಿನ ಮಾತ್ರ ಅದು ಈ ಕೆಲಸಕ್ಕೆ ಬರುತ್ತದೆ. ಸಂಬಳ ಇಲ್ಲದ ಪೋಲೀಸ, ರಜೆ ಹೆಚ್ಚು.

ಕೊನೆಗೆ ಒಂದು ಕಹಿ ವಿಷಯ. ಮರಿ ಕಳೆದುಕೊಂಡ ಸಿಟ್ಟಿನಲ್ಲಿ ಕೆಲವರು ಸತ್ತ ಮರಿಗೆ ಔಷಧಿ ಸವರಿ ಮಾಳಿಗೆಯ ಮೇಲೆ ಇಡುತ್ತಾರೆ. ಹೊಲಕ್ಕೆ ಹೊಡೆಯುವ ಔಷಧಿ. ಹದ್ದು ಸಾಯುತ್ತದೆ. ಕಾಗೆ, ಬೆಕ್ಕು, ಪಕ್ಕದ ಮನೆಯ ನಾಯಿ ಕೂಡ ಸಾಯುತ್ತವೆ. ಕೂಸು ಕೈಹಾಕಿದರೆ ಏನು ಗತಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದು ಗಿಡುಗ ಕೊಲ್ಲುವುದು ಅಪರಾಧ. ಕಾಯ್ದೆಯ ಮಾತು ಬಿಡಿ, ರಣಹದ್ದಿನ ಕಥೆ ನೋಡಿ. ದನಕ್ಕೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿತು. ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರಣಹದ್ದು ಅಳಿದವು. 2006ರಲ್ಲಿ ದನಕ್ಕೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅಲ್ಲಿ ಯಾರಿಗೂ ಕೊಲ್ಲುವ ಮನಸ್ಸಿರಲಿಲ್ಲ. ಇಲ್ಲಿ ಮನಸ್ಸಿಟ್ಟು ವಿಷ ಹಾಕುತ್ತೇವೆ. ಅದೇ ಹದ್ದು ನಿಮ್ಮ ಕಬ್ಬಿನ ಹೊಲದ ಇಲಿಯನ್ನೂ ಎತ್ತುತ್ತದೆ. ಆ ಲೆಕ್ಕವನ್ನು ನಾವು ಬರೆದಿಡುವುದಿಲ್ಲ.

ಕೇಳುಗರೇ, ಗಡಿಯಾರದ ಮುಳ್ಳು ನನ್ನ ಕಡೆ ನೋಡುತ್ತಿದೆ. ನಾಳೆ ಒಂದು ಕೆಲಸ ಮಾಡಿ ನೋಡಿ. ಹೊತ್ತು ಏರಿದ ಮೇಲೆ ಅರ್ಧ ಗಂಟೆ ಹಿತ್ತಲಲ್ಲಿ ಕೂಡಿ. ಮೊಬೈಲು ಒಳಗಿರಲಿ. ಹುಂಜ ದನಿ ತೆಗೆದಾಗ ಮುಗಿಲು ನೋಡಬೇಡಿ. ನೆಲ ನೋಡಿ. ಮರಿಗಳು ಎಲ್ಲಿಗೆ ಓಡಿದವು? ಎಲ್ಲಿಗೂ ಓಡದೆ ನಡುವೆ ಕೂತುಬಿಟ್ಟವು ಎಷ್ಟು? ಅವು ಕೂತ ಜಾಗಕ್ಕೆ ಒಂದು ಗುರುತು ಹಾಕಿ. ಹಳೆಯ ಬಾಗಿಲು ಇಡಬೇಕಾದ್ದು ಅಲ್ಲಿ.

ಮತ್ತೆ, ಈ ಮಾತು ಕೇಳುತ್ತಿರುವಾಗಲೇ ನಿಮ್ಮ ಹಿತ್ತಲಿಂದ ಆ ಎಳೆದ ಕೀರಲು ದನಿ ಬಂದರೆ ನನ್ನ ನಮಸ್ಕಾರಕ್ಕೆ ಕಾಯಬೇಡಿ. ಬಾನುಲಿ ಆರಿಸಿ, ಡಬ್ಬಿ ಹಿಡಿದು ಹೊರಗೆ ಓಡಿ.